ಒಲೆಯ ಮೇಲಿನ ಗಂಟುಗಳು

ಒಂದು ಹಿಡಿ ಒಣಸೀಗಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುವುದು, ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಒಂದೇ ಮಾತು ಹೇಳುವುದು. ನನ್ನ ಅತ್ತೆಯನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಇದೇ. ಆ ಮಾತು "ಕಟ್ಟಿ" ಎಂದಾದರೆ ಒಣಗಿಸುವ ಬಯಲಿನಲ್ಲಿದ್ದ ಹೆಂಗಸರೆಲ್ಲ ಗೋಣಿಚೀಲದ ಬಾಯಿ ಹೊಲಿಯಲು ಕೂರುತ್ತಿದ್ದರು. "ಇನ್ನೂ ಇಲ್ಲ" ಎಂದಾದರೆ ತುಟಿ ಪಿಟ್ಟೆನ್ನದೆ ಸೀಗಡಿಯನ್ನು ಮತ್ತೆ ಬಿಸಿಲಿಗೆ ಹರವುತ್ತಿದ್ದರು.

ಹೊಳೆ ಕಡಲಿಗೆ ಸೇರುವ ಕಡೆ ನಮ್ಮ ಊರು. ಗಂಡಸರು ದೋಣಿಯಲ್ಲಿ ತಂದ ಪುಟ್ಟ ಸೀಗಡಿಯನ್ನು, ಅದು ಹುಣಸೆಬೀಜಕ್ಕಿಂತ ದೊಡ್ಡದಿರುತ್ತಿರಲಿಲ್ಲ, ಮರಳಿನ ಮೇಲೆ ಹಳೆಯ ಬಲೆ ಹಾಸಿ ಒಣಗಿಸುವುದು ಹೆಂಗಸರ ಕೆಲಸ. ಇಪ್ಪತ್ತು ಮನೆಯ ಚೀಲಗಳು ಒಂದೇ ದೋಣಿಯಲ್ಲಿ ಹೊಳೆಯ ಮೇಲ್ಗಡೆಯ ಸಂತೆಗೆ ಹೋಗುತ್ತಿದ್ದವು. ಒಂದು ಚೀಲ ಹಸಿಯಿದ್ದರೂ ಸಾಕು, ಅದರ ಬೂಸಲು ಪಕ್ಕದ ಚೀಲಕ್ಕೆ ದಾಟಿ, ಸಂತೆ ಮುಟ್ಟುವ ಹೊತ್ತಿಗೆ ಇಡೀ ದೋಣಿ ನಾರುತ್ತಿತ್ತು. ನಾನು ಆ ಮನೆಗೆ ಸೊಸೆಯಾಗಿ ಬರುವ ಮೊದಲು ಒಮ್ಮೆ ಹಾಗೆ ಆಗಿತ್ತಂತೆ. ಅಂದಿನಿಂದ ಒಂದು ಕಟ್ಟಳೆ ಬಿತ್ತು: ಜಟ್ಟಮ್ಮ ಹೇಳದೆ ಯಾರೂ ಚೀಲ ಕಟ್ಟುವಂತಿಲ್ಲ. ಜಟ್ಟಮ್ಮ ಎಂದರೆ ನನ್ನ ಅತ್ತೆ. ಬಯಲಿನ ಅಂಚಿನಲ್ಲಿ ಎರಡು ಕಲ್ಲಿನ ಮೇಲೆ ಮುರಿದ ದೋಣಿಯ ಹಲಗೆಯೊಂದನ್ನು ಇಟ್ಟಿದ್ದರು. ಅದು ಅವರ ಜಾಗ. ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ, ಊರ ನಾಯಿಗಳು ಕೂಡ.

"ಸೀಗಡಿ ಮಾತಾಡಬೇಕು ಹುಡುಗೀ," ಎನ್ನುತ್ತಿದ್ದರು ನನಗೆ. ನಾನು ಎರಡು ಮಕ್ಕಳ ತಾಯಿಯಾದ ಮೇಲೂ ಅವರ ಬಾಯಲ್ಲಿ ನಾನು ಹುಡುಗಿಯೇ. "ಬಳೆಗಾರ ಹೆಗಲಿಂದ ಮಲಾರ ಇಳಿಸುವಾಗ ಬಳೆ ಗಲ್ಲಂತಾವಲ್ಲ, ಹಾಗೆ. ಹಸಿ ಇದ್ದರೆ ಪಿಸುಗುಡ್ತದೆ, ಗುಟ್ಟು ಹೇಳೋರ ಹಾಗೆ. ಪಿಸುಗುಟ್ಟೋದನ್ನ ಯಾವತ್ತೂ ನಂಬಬೇಡ."

ನನಗೆ ಆ ಸದ್ದಿನ ವ್ಯತ್ಯಾಸ ಎಂದೂ ತಿಳಿಯಲಿಲ್ಲ. ನಾನು ಬೆರಳಿನಿಂದ ಮುರಿದು, ಹಲ್ಲಿನಿಂದ ಕಚ್ಚಿ ನೋಡುವವಳು.

ಅತ್ತೆಗೆ ಇನ್ನೊಂದು ರೂಢಿಯಿತ್ತು. ಪ್ರತಿ ವರ್ಷ ಮೊದಲು ಒಣಗಿದ ಸೀಗಡಿಯಿಂದ ಒಂದು ಹಿಡಿ ತೆಗೆದು, ಆ ವರ್ಷ ಹರಿದ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ತೊಲೆಗೆ ತೂಗುಹಾಕುತ್ತಿದ್ದರು. ಅದು ಕಡಲಮ್ಮನ ಪಾಲು. ಒಮ್ಮೆ ತೂಗುಹಾಕಿದ್ದನ್ನು ಇಳಿಸುವಂತಿಲ್ಲ, ಮುಟ್ಟುವಂತಿಲ್ಲ. ಹೊಗೆಯಲ್ಲಿ ಕಪ್ಪಾಗಿ, ಹುಳ ಹಿಡಿಯದೆ, ಆ ಗಂಟುಗಳು ವರ್ಷ ವರ್ಷಕ್ಕೆ ಸಾಲು ಬೆಳೆಸುತ್ತಿದ್ದವು. ಅತ್ತೆಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಯಾವ ಬಣ್ಣದ ಗಂಟು ಯಾವ ವರ್ಷದ್ದು ಎಂದು ನಮ್ಮಿಬ್ಬರಿಗೂ ಬಾಯಿಪಾಠವಿತ್ತು. ಹಸಿರು ನನ್ನ ಮದುವೆಯ ವರ್ಷದ್ದು. ಕಾವಿ ಬಣ್ಣದ್ದು ಮಾವ ತೀರಿಕೊಂಡ ವರ್ಷದ್ದು.

ಒಂದು ವರ್ಷ ಅತ್ತೆಯ ಬಾಯಲ್ಲಿ "ಇನ್ನೂ ಇಲ್ಲ" ಎಂಬ ಮಾತು ಹೆಚ್ಚಾಯಿತು.

ಮೂರು ಬಿಸಿಲು ಸಾಕಾಗುತ್ತಿದ್ದ ಕಡೆ ನಾಲ್ಕಾಯಿತು, ಐದಾಯಿತು. ಅತ್ತೆ ಹಿಡಿ ಎತ್ತಿ ಅಲ್ಲಾಡಿಸುವುದು, ಹುಬ್ಬು ಗಂಟಿಕ್ಕುವುದು, ಮತ್ತೆ ಅಲ್ಲಾಡಿಸುವುದು. "ಪಿಸುಗುಡ್ತದೆ. ಹರವಿ." ಆರನೆಯ ದಿನ ಚೀಲಕ್ಕೆ ತುಂಬುವಾಗ ಸೀಗಡಿ ಪುಡಿಪುಡಿಯಾಗಿ ಉದುರುತ್ತಿತ್ತು. ಆ ಪುಡಿಯನ್ನು ಸಂತೆಯಲ್ಲಿ ಯಾರೂ ಮೂಸಿ ನೋಡಲಿಲ್ಲ. ಮುಂದಿನ ದೋಣಿಗೂ ಹಾಗೆಯೇ ಆಯಿತು. ಮೂರನೆಯದಕ್ಕೂ.

ತುಳಸು ಎಂಬವಳು ನಮ್ಮ ನೆರೆಮನೆಯವಳು. ಬಾಯಿ ಜೋರು, ಕೈ ಇನ್ನೂ ಜೋರು, ಇಬ್ಬರ ಕೆಲಸ ಒಬ್ಬಳೇ ಮಾಡುವವಳು. ಅವಳು ಒಂದು ದಿನ ಬಾವಿಕಟ್ಟೆಯಲ್ಲಿ ಕೊಡ ಕುಕ್ಕಿ ಕೇಳಿಯೇಬಿಟ್ಟಳು.

"ನಿನ್ನ ಅತ್ತೆಗೆ ಏನಾಗಿದೆ ಮಾರಾಯ್ತಿ? ನಮ್ಮ ಸೀಗಡಿ ಪುಡಿಯಾಗಿ, ನಿಮ್ಮದೊಂದೇ ಇಡಿಯಾಗಿ ಸಂತೆಗೆ ಹೋಗ್ಲಿ ಅಂತಲಾ?"

"ನಮ್ಮದೂ ಪುಡಿಯಾಗಿದೆ, ತುಳಸಕ್ಕ. ಬೇಕಾದ್ರೆ ಬಂದು ನೋಡು."

"ನೋಡ್ತೇನೆ. ನಾನೊಬ್ಬಳೇ ಅಲ್ಲ, ಎಲ್ಲಾರೂ ಹಾಗೇ ಮಾತಾಡ್ತಿದಾರೆ. ಹಲಗೆ ಮೇಲೆ ಕೂತು ಕೂತು ಮುದುಕಿಗೆ ನೀಯತ್ತು ಕೆಟ್ಟಿದೆ ಅಂತ."

ಸುತ್ತ ನಾಲ್ಕೈದು ಹೆಂಗಸರಿದ್ದರು. ಯಾರೂ ಅಲ್ಲ ಎನ್ನಲಿಲ್ಲ. ಇಪ್ಪತ್ತು ವರ್ಷ ಒಬ್ಬರ ಪರವೂ ಒಂದು ಮಾತು ಆಡದ ಹೆಂಗಸು ನನ್ನ ಅತ್ತೆ. ಅವರ ಹತ್ತಿರ ಇದ್ದ ಆಸ್ತಿ ಅದೊಂದೇ. ನಾಳೆ ಬಯಲಿನಲ್ಲಿ ಯಾರಾದರೂ ಮುಖಕ್ಕೆ ಮುಖ ಕೊಟ್ಟು ಮೋಸಗಾತಿ ಎಂದುಬಿಟ್ಟರೆ ಅವರು ಅಂದೇ ಅನ್ನ ಬಿಡುತ್ತಿದ್ದರು.

ಆಗ ನಾನೊಂದು ಮಾತು ಆಡಿದೆ.

"ನೀಯತ್ತಲ್ಲ, ತುಳಸಕ್ಕ. ಅವರ ಕಿವಿ ಹೋಗಿದೆ. ಮನೇಲಿ ಮೂರು ಸಲ ಕೂಗಿದ್ರೂ ಕೇಳೋದಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಅವರಿಗೆ."

ಅದು ಸುಳ್ಳು. ಮನೆಯಲ್ಲಿ ನಾನು ಅವರನ್ನು ಎರಡನೆಯ ಸಲ ಕೂಗಿದ್ದೇ ಇಲ್ಲ. ಆದರೆ ಸೀಗಡಿಯ ವಿಷಯದಲ್ಲಿ ಕಿವಿ ಮೋಸ ಮಾಡುತ್ತಿದೆ ಎಂದು ನಾನು ನಂಬಿದ್ದೆ. ಬೆರಳಿಗೆ ಗರಿಗರಿ ಒಣಗಿದ್ದು ಅವರ ಕಿವಿಗೆ ಹಸಿಯಾಗಿ ಕೇಳಿಸಿದರೆ ಬೇರೆ ಏನು ಅರ್ಥ? ಇನ್ನೂ ಒಂದು ನಿಜ ಹೇಳಬೇಕು, ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ. ಆ ಮಾತು ಆಡುವಾಗ ಅತ್ತೆಯ ಮಾನದ ಜೊತೆಗೆ ಆ ಹಲಗೆಯೂ ನನ್ನ ಕಣ್ಣ ಮುಂದೆ ಬಂದಿತ್ತು.

ಹೆಂಗಸರ ಮುಖ ಸಡಿಲವಾಯಿತು. "ಅಯ್ಯೋ ಪಾಪ," ಎಂದಳು ತುಳಸು. "ಮೊದಲೇ ಹೇಳಬಾರದಾ? ಅಷ್ಟು ವರ್ಷ ಅಲೆ ಸದ್ದು ಕೇಳಿದ ಕಿವಿ, ಹೋಗದೇ ಇರ್ತದಾ?"

ಅಂದು ಸಂಜೆ ಅತ್ತೆ ಜಗಲಿಯಲ್ಲಿ ಕೂತು ಕೇದಗೆ ಎಲೆಯ ಮುಳ್ಳು ಸವರುತ್ತಿದ್ದರು, ಚಾಪೆ ಹೆಣೆಯಲು. ತಲೆ ಎತ್ತದೆ ಹೇಳಿದರು: "ನಾಳೆಯಿಂದ ಹಲಗೆ ಮೇಲೆ ನೀನೇ ಕೂತ್ಕೋ ಹುಡುಗೀ. ನನ್ನ ಕಿವಿ ಸರಿ ಇಲ್ಲ." ನಾನು ಬೇಡ ಎಂದು ಎರಡು ಮಾತು ಹೇಳಿದೆ. ಮೂರನೆಯದನ್ನು ಹೇಳಲಿಲ್ಲ.

ಮರುದಿನದಿಂದ ನಾನು ಕೂತೆ. ಬೆರಳಿನಿಂದ ಮುರಿದು, ಹಲ್ಲಿನಿಂದ ಕಚ್ಚಿ, "ಕಟ್ಟಿ" ಎಂದೆ. ಮೂರು ಬಿಸಿಲು ಕೂಡ ಬೇಕಾಗುತ್ತಿರಲಿಲ್ಲ, ಎರಡೂವರೆಗೇ ಒಣಗುತ್ತಿತ್ತು. ಒಂದು ಚೀಲವೂ ಕೆಡಲಿಲ್ಲ. ಎಲ್ಲರೂ ಹೊಗಳಿದರು. ಅತ್ತೆ ಮಾತ್ರ ದಿನದಿಂದ ದಿನಕ್ಕೆ ನಿಜವಾಗಿಯೂ ಕಿವುಡಾಗತೊಡಗಿದರು. ಯಾರು ಏನು ಕೇಳಿದರೂ "ಹಾಂ? ಹಾಂ?" ಹೆಂಗಸರು ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರು. ನಾನೂ ಕೂಗಿಯೇ ಮಾತಾಡುವುದು ರೂಢಿಯಾಯಿತು. ಬಯಲಿನಲ್ಲಿ ಅವರು ಮೊರ ಹಿಡಿದು ಧೂಳು ಕೇರುತ್ತ ಒಂದು ಕಡೆ ಕೂತಿರುತ್ತಿದ್ದರು. ನಾನು ಕಂಡಂತೆ, ಹಿಡಿ ಎತ್ತಿ ಕಿವಿಗೆ ಹಿಡಿಯುವುದನ್ನು ಅವರು ಬಿಟ್ಟೇಬಿಟ್ಟರು. ಒಲೆಯ ಮೇಲೆ ಮಾತ್ರ ಆ ವರ್ಷವೂ, ಮರುವರ್ಷವೂ ಗಂಟು ಕಟ್ಟಿದರು.

ಹೀಗೆ ಎರಡು ವರ್ಷ ಕಳೆದಾಗ ನಮ್ಮ ಊರಿಗೆ ಸುಲಭಾ ಎಂಬ ಹೆಣ್ಣುಮಗಳು ಬಂದಳು. ಕಡಲ ನೀರು ಪರೀಕ್ಷೆ ಮಾಡುವವಳು. ಬಲೆ ಇಡುವ ಒಂದು ಕೊಟ್ಟಿಗೆಯನ್ನು ಬಿಡಿಸಿಕೊಂಡು ಗಾಜಿನ ತೊಟ್ಟಿಗಳನ್ನು ಸಾಲಾಗಿ ಜೋಡಿಸಿದಳು. ದಿನಾ ಬೆಳಿಗ್ಗೆ ಸೊಂಟದುದ್ದ ನೀರಿಗೆ ಇಳಿದು ಬಾಟಲಿ ತುಂಬಿಕೊಂಡು ಬರುವಳು. ನಾವೆಲ್ಲ ಅವಳನ್ನು ಅಕ್ಕೋರು ಎನ್ನುತ್ತಿದ್ದೆವು. ಹೆಂಗಸರು ಏನು ಮಾಡುತ್ತೀರೆಂದು ಕೇಳಿದಾಗ ಅವಳು ದಾಸವಾಳದ ಹೂವನ್ನು ಬಿಸಿನೀರಲ್ಲಿ ಹಿಂಡಿ, ಆ ರಸವನ್ನು ಒಂದು ಲೋಟ ಕಡಲ ನೀರಿಗೆ ಹಾಕಿದಳು. ನೀರು ಹಸಿರು ಮಿಶ್ರಿತ ನೀಲಿಯಾಯಿತು. ಪಪ್ಪಾಯಿ ಎಲೆಯ ದಂಟನ್ನು ತುಳಸುವಿನ ಕೈಗೆ ಕೊಟ್ಟು, "ಇದರಲ್ಲಿ ಊದಿ, ಸುಸ್ತಾಗೋ ತನಕ ಊದಿ," ಎಂದಳು.

"ಸುಸ್ತಾಗೋ ತನಕ ಅಂದ್ರೆ ನಾಳೆ ಬೆಳಿಗ್ಗೆ ಆಗ್ತದೆ ಅಕ್ಕೋರೆ," ಎಂದು ತುಳಸು ಊದತೊಡಗಿದಳು. ನೋಡುತ್ತಿದ್ದಂತೆ ನೀರಿನ ನೀಲಿ ಕರಗಿ ನೇರಳೆಯಾಯಿತು.

"ನಮ್ಮ ಉಸಿರಿನಲ್ಲಿರೋದೇ ಹೊಗೆಯಲ್ಲೂ ಇರ್ತದೆ," ಎಂದಳು ಸುಲಭಾ. "ಲೋಕದಲ್ಲಿ ಸುಡೋದು ಹೆಚ್ಚಾದಷ್ಟೂ ಗಾಳಿಯಲ್ಲಿ ಅದು ಹೆಚ್ಚಾಗ್ತದೆ. ಅದರಲ್ಲೊಂದು ಪಾಲನ್ನ ಕಡಲು ಕುಡೀತದೆ. ಕುಡಿದು ಕುಡಿದು ಹುಳಿಯ ಕಡೆ ಒಂದೊಂದೇ ಹೆಜ್ಜೆ ಇಡ್ತಾ ಇದೆ. ಹುಳಿ ಆಗಿಲ್ಲ, ನಾಲಿಗೆಗೆ ಗೊತ್ತಾಗೋದೂ ಇಲ್ಲ. ಸೀಗಡಿ, ಏಡಿಗಳಿಗೆ ಗೊತ್ತಾಗ್ತದೋ ಅಂತ ನೋಡೋಕೆ ಬಂದಿದ್ದೇನೆ."

ಒಂದು ಬೆಳಿಗ್ಗೆ ಅವಳು ಚಹಾ ಕುಡಿಯಲು ನಮ್ಮ ಅಡುಗೆಮನೆಗೆ ಬಂದಾಗ ತೊಲೆಯ ಕಡೆ ಕಣ್ಣು ಹೋಯಿತು.

"ಅದೇನು ಅಕ್ಕಾ, ಸಾಲಾಗಿ?"

ನಾನು ಹೇಳಿದೆ. ಅವಳ ಕೈಯ ಲೋಟ ಅರ್ಧದಲ್ಲೇ ನಿಂತಿತು. "ಪ್ರತಿ ವರ್ಷದ್ದೂ? ಯಾವ ವರ್ಷದ್ದು ಯಾವುದು ಅಂತ ಗೊತ್ತಾ?" ಎಂದು ಎರಡೆರಡು ಸಲ ಕೇಳಿದಳು. ಇಳಿಸಿ ನೋಡಬಹುದಾ ಎಂದಾಗ ಅತ್ತೆ ಮೂಲೆಯಿಂದ ಕೈ ಅಡ್ಡ ಆಡಿಸಿದರು. ಕಡಲಮ್ಮನ ಪಾಲು, ಮುಟ್ಟುವಂತಿಲ್ಲ. ಆಗ ನನಗೆ ಹೊಳೆಯಲಿಲ್ಲ, ನಾವು ಕೂಗದೆಯೇ ಅವರಿಗೆ ಮಾತು ಹೇಗೆ ತಿಳಿಯಿತು ಎಂದು.

"ಕಡಲಮ್ಮನ ವಿಷಯಕ್ಕೇ ಬಂದವಳು ಇವಳು, ಅತ್ತೆ. ಬೈಯೋದಿದ್ರೆ ಕಡಲಮ್ಮ ನನ್ನನ್ನ ಬೈಲಿ," ಎಂದು ಕೂಗಿ ಹೇಳಿ, ಒರಳುಕಲ್ಲಿನ ಮೇಲೆ ಹತ್ತಿ ಎರಡು ಗಂಟು ಇಳಿಸಿದೆ. ನನ್ನ ಮದುವೆಯ ಹಸಿರು, ಕಳೆದ ವರ್ಷದ ಹಳದಿ. ಬೇರೆಯವರ ಕೈಗೆ ಹೋಗಬಾರದೆಂದೋ ಏನೋ, ಅತ್ತೆ ಎದ್ದು ಬಂದು ಎರಡನ್ನೂ ತಾವೇ ತೆಗೆದುಕೊಂಡರು. ಹಳೆಯ ರೂಢಿ ಎಲ್ಲಿ ಹೋಗುತ್ತದೆ? ಹಸಿರು ಗಂಟು ತಾನಾಗಿ ಕಿವಿಯ ಹತ್ತಿರ ಏರಿತು. ಅಲ್ಲಾಡಿಸಿದರು. ಅವರ ಮುಖ ಅರಳಿತು. ಆಮೇಲೆ ಹಳದಿ. ಮುಖ ಬಾಡಿತು. ಮತ್ತೆ ಹಸಿರು. ಮತ್ತೆ ಹಳದಿ.

ಅವರು ಒಲೆಯ ಮುಂದೆ ಹಾಗೆಯೇ ಕುಸಿದು ಕೂತರು. "ಇದು ಮಾತಾಡ್ತದೆ. ಇದು ಪಿಸುಗುಡ್ತದೆ," ಎಂದರು ನಿಧಾನವಾಗಿ. "ಎರಡೂ ಒಂದೇ ಹೊಗೆಯಲ್ಲಿ ಒಣಗಿದ್ದು. ಹಸಿ ಯಾವುದೂ ಅಲ್ಲ. ಕಿವಿ ಹೋಗಿದ್ರೆ ಎರಡೂ ಪಿಸುಗುಡಬೇಕಿತ್ತಲ್ಲ ಅಕ್ಕೋರೆ?"

ಸುಲಭಾ ಗಂಟುಗಳನ್ನೆಲ್ಲ ಇಳಿಸಲು ಅಪ್ಪಣೆ ಕೇಳಿದಳು. ಅತ್ತೆ ಕಡಲಿನ ಕಡೆ ಕೈಮುಗಿದು ಹೂಂ ಎಂದರು. ಮೊದಲು ನಾವು ಅವುಗಳಲ್ಲಿ ಏಳು ಗಂಟುಗಳ ಸೀಗಡಿಯನ್ನು ಎರಡು ದಿನ ಬಿಸಿಲಿಗಿಟ್ಟೆವು. ಸುಲಭಾ ತನ್ನ ಸಣ್ಣ ತಕ್ಕಡಿಯಲ್ಲಿ ತೂಗಿ, ಇನ್ನು ತೂಕ ಇಳಿಯುವುದಿಲ್ಲ, ಎಲ್ಲದರಲ್ಲೂ ಹಸಿ ಅಳಿದಿದೆ ಎಂದಾದ ಮೇಲೆ, ಅತ್ತೆಗೆ ಕಾಣದ ಹಾಗೆ ಏಳು ತೆಂಗಿನ ಚಿಪ್ಪುಗಳಲ್ಲಿ ತುಂಬಿದಳು. ಯಾವುದರಲ್ಲಿ ಯಾವ ವರ್ಷದ್ದೆಂದು ಚಿಪ್ಪಿನ ತಳದಲ್ಲಿ ಗುರುತು ಹಾಕಿ, ಬಟ್ಟೆ ಕಟ್ಟಿ, ಸಾಲನ್ನು ಹಿಂದುಮುಂದು ಮಾಡಿಟ್ಟಳು. ಇದು ಬಯಲಿನಲ್ಲೇ, ಎಲ್ಲರ ಮುಂದೆಯೇ ಆಗಬೇಕು ಎಂದು ಹಟ ಹಿಡಿದವಳು ನಾನು. ಎಲ್ಲರ ಮುಂದೆ ಹೋದದ್ದು ಎಲ್ಲರ ಮುಂದೆಯೇ ಬರಲಿ ಎಂದುಕೊಂಡಿದ್ದೆ.

ಅತ್ತೆ ಎರಡು ವರ್ಷದ ನಂತರ ಹಲಗೆಯ ಮೇಲೆ ಕೂತರು. ಹೆಂಗಸರು ಸುತ್ತ ನಿಂತರು. ಅತ್ತೆ ಮೊದಲ ಚಿಪ್ಪು ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಹಿಂದೆ, ಮೂರು ಮಾರು ದೂರದಲ್ಲಿ, ತುಳಸು ಪಕ್ಕದವಳ ಕಿವಿಯಲ್ಲಿ ಉಸುರಿದಳು: "ಕಿವುಡಿ ಕೈಲಿ ಕೊಟ್ಟಿದ್ದಾರೆ. ಇದ್ದದ್ದೂ ಪುಡಿಯಾಗ್ತದೆ."

ಅತ್ತೆ ಕಣ್ಣು ತೆರೆಯಲಿಲ್ಲ. "ಪುಡಿಯಾದ್ರೆ ನಿನ್ನ ಸಾರಿಗೆ ಹಾಕ್ತೇನೆ ತುಳಸು. ಅದಕ್ಕೆ ಹೇಗೂ ರುಚಿ ಇಲ್ಲ."

ಹೆಂಗಸರೆಲ್ಲ ತುಳಸುವಿನ ಕಡೆ ತಿರುಗಿದರು. ಆಮೇಲೆ ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕರು, ತುಳಸುವೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೊಬ್ಬಳು ನಗಲಿಲ್ಲ.

ಅತ್ತೆ ಏಳು ಚಿಪ್ಪುಗಳನ್ನು ಸಾಲಾಗಿ ಇಟ್ಟರು, ಹೆಚ್ಚು ಮಾತಾಡುವುದು ಎಡಕ್ಕೆ, ಪಿಸುಗುಡುವುದು ಬಲಕ್ಕೆ. ಸುಲಭಾ ಒಂದೊಂದನ್ನೇ ಮಗುಚಿ ಗುರುತು ಓದಿದಳು. ಹಳೆಯದರಿಂದ ಹೊಸದಕ್ಕೆ ಸಾಲು ಸರಿಯಾಗಿತ್ತು. ನಡುವಿನ ಎರಡು ಅಕ್ಕಪಕ್ಕದ ವರ್ಷಗಳು ಮಾತ್ರ ಅದಲುಬದಲಾಗಿದ್ದವು.

"ಹಳೇದು ಹೆಚ್ಚು ಒಣಗಿರ್ತದೆ, ಅದಕ್ಕೇ ಸದ್ದು ಜಾಸ್ತಿ ಇರಬಹುದಲ್ಲ?" ಎಂದಳು ತುಳಸು. ಅವಳ ಬುದ್ಧಿ ಸಣ್ಣದಲ್ಲ.

"ಅದಕ್ಕೇ ಎಲ್ಲದರ ಹಸಿ ತೆಗೆದು ತೂಗಿದ್ದು," ಎಂದಳು ಸುಲಭಾ. "ಆದರೂ ನಿಮ್ಮ ಅನುಮಾನ ಸರಿ. ಬರೀ ಸದ್ದು ನಂಬೋದಿಲ್ಲ, ಮಸೂರದ ಕೆಳಗಿಟ್ಟು ಅಳೆದು ಹೇಳ್ತೇನೆ."

ಅಳೆದಳು. ಹೊಸ ವರ್ಷಗಳ ಸೀಗಡಿಯ ಹೊರಕವಚ ತೆಳುವಾಗಿತ್ತು. ಗಟ್ಟಿ ಕವಚಕ್ಕೆ ಸುಣ್ಣ ಬೇಕು, ಹುಳಿಯ ಕಡೆ ವಾಲಿದ ನೀರಿನಲ್ಲಿ ಆ ಸುಣ್ಣ ಕಟ್ಟಿಕೊಳ್ಳಲು ಈ ಪುಟ್ಟ ಜೀವಗಳು ಹೆಚ್ಚು ದುಡಿಯಬೇಕು, ಎಲ್ಲಕ್ಕೂ ಅದು ಆಗುವುದಿಲ್ಲ ಎಂದಳು. "ಇದೊಂದೇ ಕಾರಣ ಅಂತ ಈಗಲೇ ಹೇಳಲಾರೆ. ನೀರು ಬಿಸಿಯಾಗಿದ್ದೂ ಇರಬಹುದು, ಹೊಳೆಯಿಂದ ಬರೋದೂ ಇರಬಹುದು. ಅದಕ್ಕೇ ತೊಟ್ಟಿಯಲ್ಲಿ ಬೇರೆ ಬೇರೆ ನೀರಿಟ್ಟು ಸಾಕ್ತಾ ಇದ್ದೇನೆ."

"ಹುಣಸೆ ನೀರು ಬಿದ್ದ ಸುಣ್ಣದ ಗೋಡೆ ಹಾಗೆ," ಎಂದರು ಅತ್ತೆ ತಮ್ಮಷ್ಟಕ್ಕೆ.

ಅಂದು ಸಂಜೆ ಮನೆಗೆ ನಡೆಯುವಾಗ ಅತ್ತೆ ಮುಂದೆ, ನಾನು ಹಿಂದೆ. ಅವರ ಕಿವಿ ಸರಿಯಿದ್ದರೆ ಈ ಎರಡು ವರ್ಷ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ನಾವು ಅವರ ಎದುರಿಗೇ ಆಡಿಕೊಂಡದ್ದನ್ನು, ನಾನು ಬೇಸರದಲ್ಲಿ ಗೊಣಗಿದ್ದನ್ನು, ಎಲ್ಲವನ್ನೂ. ಬಾವಿಕಟ್ಟೆಯ ಹಿಂದೆಯೇ ಕೇದಗೆಯ ಬೇಲಿ ಇದೆ. ಆ ಸಂಜೆ ಅವರ ಮಡಿಲಲ್ಲಿ ಅಷ್ಟೊಂದು ಕೇದಗೆ ಎಲೆ ಎಲ್ಲಿಂದ ಬಂದಿತ್ತು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಮನೆಯ ಹೊಸ್ತಿಲಲ್ಲಿ ನಾನು ಅವರ ಕಾಲು ಹಿಡಿದೆ. "ಅವತ್ತು ನೀವು ಬೇಲಿ ಆಚೆ ಇದ್ರಿ."

"ಇದ್ದೆ."

"ನಾನು ಸುಳ್ಳು ಹೇಳಿದೆ, ಅತ್ತೆ."

"ಏಳು, ಮೊಣಕಾಲು ನೋಯ್ತದೆ." ನನ್ನನ್ನು ಎಬ್ಬಿಸಿ ಜಗಲಿಯಲ್ಲಿ ಕೂರಿಸಿದರು. "ಅವರು ಕಳ್ಳಿ ಅಂದ್ರು, ನೀನು ಕಿವುಡಿ ಅಂದೆ. ಎರಡರಲ್ಲಿ ಒಂದು ಆರಿಸಿಕೋ ಅಂದಿದ್ರೆ ನಾನೂ ಅದನ್ನೇ ಆರಿಸಿಕೊಳ್ತಿದ್ದೆ. ಸೀಗಡಿ ಕೇಳೋ ಕಿವಿ ಹೋಯ್ತು ಅಂತ ನಾನೇ ನಂಬಿದ್ದೆ. ಅದು ಹೋದ ಮೇಲೆ ಮಾತು ಕೇಳೋ ಕಿವಿ ಇದ್ದು ಏನು ಮಾಡಲಿ? ನಾನು ನೆಟ್ಟಗೆ ಕೇಳಿಸಿಕೊಂಡಿದ್ರೆ ನಿನ್ನ ಮಾತು ಸುಳ್ಳಾಗ್ತಿತ್ತು. ಹಲಗೆ ಮೇಲೆ ಕೂರೋಳ ಮಾತು ಸುಳ್ಳಾಗಬಾರದು ಹುಡುಗೀ."

ನನಗೆ ಅಳು ತಡೆಯಲಿಲ್ಲ. ಎರಡು ವರ್ಷ ಆ ಹೆಂಗಸು ನನ್ನೊಂದು ಸುಳ್ಳನ್ನು ನಿಜ ಮಾಡಲು ಲೋಕದ ಮುಂದೆ ಕಿವುಡಾಗಿ ಬಾಳಿದ್ದರು.

"ನಾನು ಹಲಗೆಗೂ ಆಸೆಪಟ್ಟಿದ್ದೆ," ಎಂದೆ. ಅದನ್ನೂ ಹೇಳಿ ಹಗುರಾಗಬೇಕಿತ್ತು.

"ಆಸೆಪಡದವಳ ಕೈಗೆ ಕೊಟ್ಟಿದ್ರೆ ಇಷ್ಟು ಚೆನ್ನಾಗಿ ನೋಡಿಕೊಳ್ತಿದ್ಲಾ? ಬಿಡು. ಕೇಳಿಸಿದ್ದನ್ನೆಲ್ಲ ಗಂಟು ಕಟ್ಟಿ ಒಲೆ ಮೇಲೆ ತೂಗುಹಾಕೋಕೆ ಜಾಗ ಎಲ್ಲಿದೆ?" ಆಮೇಲೆ ಧ್ವನಿ ತಗ್ಗಿಸಿ, "ಆದ್ರೂ ಈ ಎರಡು ವರ್ಷ ಈ ಊರಲ್ಲಿ ಏನೇನು ಕೇಳಿಸಿಕೊಂಡೆ ಅಂತ ಬಾಯಿಬಿಟ್ರೆ ಅರ್ಧ ಊರು ಗುಳೆ ಹೋಗ್ತದೆ," ಎಂದು ನಕ್ಕರು. ನಾನೂ ಅಳುತ್ತಲೇ ನಕ್ಕೆ.

ಮರುದಿನ ಬಯಲಿನಲ್ಲಿ ನಾನು ಹಲಗೆ ಬಿಟ್ಟು ನೆಲದಲ್ಲಿ ಕೂತೆ. ಅತ್ತೆ ಬಂದು ಒಂದು ತುದಿಯಲ್ಲಿ ಕೂತು, "ಸರಿದು ಕೂತರೆ ಇಬ್ಬರಿಗೆ ಸಾಕು," ಎಂದು ಪಕ್ಕದ ಜಾಗ ತಟ್ಟಿದರು. ಅಂದಿನಿಂದ ಹೊಸ ಕಟ್ಟಳೆ. ಚೀಲ ಕಟ್ಟುವ ಮಾತು ನನ್ನ ಬೆರಳಿನದು, ಏಕೆಂದರೆ ತೆಳುಕವಚದ ಸೀಗಡಿ ಬೇಗ ಒಣಗುತ್ತದೆ, ಸದ್ದಿಗೆ ಕಾದರೆ ಪುಡಿಯಾಗುತ್ತದೆ. ಆದರೆ ಪ್ರತಿ ವರ್ಷದ ಮೊದಲ ಹಿಡಿ ಮಾತ್ರ ಅತ್ತೆಯ ಕಿವಿಗೆ. ಚೀಲ ಹೇಗಿದೆ ಎಂದು ಬೆರಳು ಹೇಳುತ್ತದೆ, ಕಡಲು ಹೇಗಿದೆ ಎಂದು ಕಿವಿ. ಅತ್ತೆ ಹೇಳಿದ್ದನ್ನು ಸುಲಭಾ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ತೊಟ್ಟಿಯ ಸೀಗಡಿಗಳೂ ಆಮೇಲಾಮೇಲೆ ಹೆಚ್ಚುಕಡಿಮೆ ಅದನ್ನೇ ಹೇಳಿದವು. ಹೊಗೆಯಲ್ಲಿರುವ ಆ ಗಾಳಿ ತುಂಬಿಸಿದ ನೀರಲ್ಲಿ ಬೆಳೆದವು ಚಿಕ್ಕವು, ಅವುಗಳ ಕವಚ ತೆಳು. ಅದನ್ನು ತಿಳಿದು ನಾವು ಕಡಲನ್ನು ಸರಿ ಮಾಡಲು ಆಗಲಿಲ್ಲ. ಆದರೆ ಅದರ ಕಷ್ಟವನ್ನು ಒಬ್ಬ ಮುದುಕಿಯ ತಲೆಗೆ ಕಟ್ಟುವುದನ್ನು ನಿಲ್ಲಿಸಿದೆವು. ಅಷ್ಟರ ಮಟ್ಟಿಗಾದರೂ ಆ ಹೆಣ್ಣುಮಗಳಿಗೆ ನಮ್ಮ ಊರು ಋಣಿ. ನಾನಂತೂ ಇಬ್ಬರಿಗೂ.

ಅತ್ತೆ ಹೋಗಿ ಬಹಳ ಕಾಲವಾಯಿತು. ಅವರು ಹೋದ ವರ್ಷದ ಗಂಟನ್ನು ಅವರದೇ ಬಿಳಿ ಸೀರೆಯ ಅಂಚಿನಲ್ಲಿ ಕಟ್ಟಿ, ಸುಲಭಾ ಅಳೆದು ಮರಳಿಸಿದ ಗಂಟುಗಳ ಸಾಲಿಗೇ ತೂಗುಹಾಕಿದ್ದೇನೆ. ಈಗಲೂ ಮೊದಲ ಹಿಡಿಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸುತ್ತೇನೆ. ನನ್ನ ಕಿವಿಗೆ ಇನ್ನೂ ಅಷ್ಟು ತಿಳಿಯುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತು ಕಡಲಿನ ಗಾಳಿ ಅಡುಗೆಮನೆಯ ಕಿಟಕಿಯಿಂದ ಒಳಗೆ ನುಗ್ಗಿದಾಗ ತೊಲೆಯ ಮೇಲಿನ ಗಂಟುಗಳು ಒಂದಕ್ಕೊಂದು ತಾಗುತ್ತವೆ. ಆ ತುದಿಯಲ್ಲಿ ಬಳೆಯ ಸದ್ದು, ಈ ತುದಿಯಲ್ಲಿ ಬರೀ ಉಸಿರು. ಆಗ ನಾನು ಸಾರು ತಿರುವುವ ಸೌಟನ್ನು ನಿಲ್ಲಿಸುತ್ತೇನೆ, ಗಾಳಿ ಹಾದುಹೋಗುವ ತನಕ.